ಕಡಿ, ಬಿಡಿ

ಕಡಿದ ಮೇಲೆ ಗೊತ್ತಾಯಿತು, ಮರ ಗಟ್ಟಿಯಾಗಿತ್ತು.

ಗರಗಸದ ಮೇಸ್ತ್ರಿ ಬೊಡ್ಡೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸಿದ. ಬಗ್ಗಿ ನೋಡಿದ. ನಂಬಿಕೆ ಬಾರದೆ ಮತ್ತೊಮ್ಮೆ ಒರೆಸಿದ. ಅಂಚಿನಿಂದ ನಡುವಿನ ತನಕ ಒಂದು ಹುಳುಕಿಲ್ಲ, ಒಂದು ಬಿರುಕಿಲ್ಲ. ನಿಂತ ನೀರಿಗೆ ಹನಿ ಬಿದ್ದ ಹಾಗೆ ಉಂಗುರದ ಸುತ್ತ ಉಂಗುರ. ಕೊಯ್ದ ಮೈ ಇನ್ನೂ ತೇವವಾಗಿ ಹೊಳೆಯುತ್ತಿತ್ತು.

"ಮರಕುಟಿಗಣ್ಣನ್ನ ಕರೀರಪ್ಪ," ಎಂದ. "ಬಂದು ಕಣ್ಣಾರೆ ನೋಡ್ಲಿ."

ನಗರಸಭೆಯಲ್ಲಿ ಅವನ ಹುದ್ದೆಗೆ ಒಂದು ಉದ್ದನೆಯ ಹೆಸರಿತ್ತು. ಸಂಬಳದ ಚೀಟಿಯಲ್ಲಲ್ಲದೆ ಅದು ಬೇರೆಲ್ಲೂ ಬಳಕೆಯಾಗುತ್ತಿರಲಿಲ್ಲ. ಊರಿಗೆಲ್ಲ ಅವನು ಮರಕುಟಿಗ. ಕೈಯಲ್ಲಿ ಕೊಡತಿ, ಅಂದರೆ ಮರದ ಸುತ್ತಿಗೆ, ಹಿಡಿದು ರಸ್ತೆಬದಿಯ ಹಳೆಯ ಮರಗಳನ್ನು ಒಂದೊಂದಾಗಿ ತಟ್ಟಿ, ಯಾವುದು ನಿಲ್ಲುತ್ತದೆ, ಯಾವುದು ಜನರ ಮೇಲೆ ಬೀಳುತ್ತದೆ ಎಂದು ಹೇಳುವುದು ಅವನ ಕೆಲಸ. ಗಟ್ಟಿ ಮರ 'ಟಕ್' ಅನ್ನುತ್ತದೆ, ಟೊಳ್ಳು ಮರ 'ಧುಮ್' ಅನ್ನುತ್ತದೆ. ನಡುವೆ ಇನ್ನೂ ಹತ್ತಿಪ್ಪತ್ತು ಬಗೆಯ ಸದ್ದುಗಳಿವೆ, ಅವಕ್ಕೆ ಹೆಸರಿಲ್ಲ. ಹರೆಯದಲ್ಲಿ ಹದಿನಾಲ್ಕು ವರ್ಷ ಸಾಮಿಲ್ಲಿನಲ್ಲಿ ದಿಮ್ಮಿಗಳನ್ನು ತಟ್ಟಿ ವಿಂಗಡಿಸುತ್ತ ಅವನು ಆ ಸದ್ದುಗಳನ್ನು ಕಲಿತಿದ್ದ. ಅಲ್ಲಿನ ಯಂತ್ರಗಳ ಕಿರಿಚಾಟ ಅದೇ ಹದಿನಾಲ್ಕು ವರ್ಷದಲ್ಲಿ ಕಿವಿಯಿಂದ ಏನನ್ನು ಕೊರೆದುಕೊಂಡು ಹೋಯಿತು ಎಂಬುದನ್ನು ಮಾತ್ರ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅವನು ಬಂದು ಬೊಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ತವರದ ಬಿಲ್ಲೆಯಲ್ಲಿ ಮರದ ನಂಬರು ಇತ್ತು: ಹತ್ತೊಂಬತ್ತು. ಆಸ್ಪತ್ರೆ ರಸ್ತೆಯ ಎಪ್ಪತ್ತೆರಡು ಮಳೆಮರಗಳಲ್ಲಿ ಒಂದು. ಎಲ್ಲವನ್ನೂ ಯಾವುದೋ ಕಾಲದಲ್ಲಿ ಒಂದೇ ವರ್ಷ ನೆಟ್ಟಿದ್ದರು, ಎಲ್ಲವೂ ಅಕ್ಕತಂಗಿಯರ ಹಾಗೆ ಒಂದೇ ಮುಖ.

"ಇದನ್ನ ನೀವು ತಟ್ಟಿದ್ರಾ ಯಜಮಾನ್ರೇ?" ಮೇಸ್ತ್ರಿ ಎದುರಿಗೇ ಬಂದು ಕೂತು ಕೇಳಿದ.

"ತಟ್ಟಿದ್ದೆ. ಬಿಡಿ ಅಂದಿದ್ದೆ."

"ನಮ್ಮ ಪಟ್ಟೀಲಿ ಕಡಿ ಅಂತಿದೆ." ಮೇಸ್ತ್ರಿ ಜೇಬಿನಿಂದ ಮಡಿಚಿದ ಕಾಗದ ತೆಗೆದು ತೋರಿಸಿದ. "ಏಳು, ಹತ್ತೊಂಬತ್ತು, ಅರವತ್ತು. ಮೂರು ಕಡಿ. ಏಳೂ ಅರವತ್ತೂ ನಿಜಕ್ಕೂ ಹುಳುಕೇ. ಇದು ಹೇಗೆ ಸೇರ್ತು? ಆ ಎದುರು ಮನೆಯವರು ನೋಡಿ, ಗೇಟಲ್ಲಿ ನಿಂತು ನನ್ನ ಏಳು ತಲೆಮಾರಿಗೆ ಶಾಪ ಹಾಕ್ತಿದ್ದಾರೆ. ನಾನು ಬರೀ ಗರಗಸ, ನನಗೇನು ಗೊತ್ತು?"

ಮರಕುಟಿಗ ಬೊಡ್ಡೆಯ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಗಟ್ಟಿ ಮರವೊಂದು ಸುಮ್ಮನೆ ಸತ್ತಿತು ಎಂಬ ಸಂಕಟ ಮೊದಲು ಬಂತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ನುಗ್ಗಿತು.

ಆ ರಸ್ತೆಯಲ್ಲಿ ಅವನು 'ಕಡಿ' ಅಂದದ್ದು ಮೂರು ಸಲ. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಒಂದು ಮರಕ್ಕೆ ಸಾವು ಬರೆದ ದಿನ ರಾತ್ರಿ ಅನ್ನ ಇಳಿಯುವುದಿಲ್ಲ, ಆವತ್ತು ಮೂರಕ್ಕೆ ಬರೆದಿದ್ದ. ಏಳು, ಅರವತ್ತು, ಇನ್ನೊಂದು. ಪಟ್ಟಿಯಲ್ಲೂ ಮೂರೇ ಇವೆ. ಆದರೆ ಅದರಲ್ಲೊಂದು ಈ ಗಟ್ಟಿ ಮರ.

ಹಾಗಾದರೆ ಆ ಇನ್ನೊಂದು?

ಅದು ಈ ರಸ್ತೆಯಲ್ಲೇ ಎಲ್ಲೋ ನಿಂತಿದೆ. ಪುಸ್ತಕದಲ್ಲಿ ಅದರ ಮುಂದೆ 'ಬಿಡಿ' ಎಂದಿದೆ.

ಅವನು ತಲೆಯೆತ್ತಿ ನೋಡಿದ. ರಸ್ತೆಯುದ್ದಕ್ಕೂ ಕೊಂಬೆಗಳು ಕೈಗೆ ಕೈ ಕೊಟ್ಟು ನಿಂತಿದ್ದವು. ಆರು ತಿಂಗಳ ಹಿಂದೆ ತಟ್ಟಿದ್ದು. ಅಪ್ಪಣೆಯ ಕಾಗದ ಮೇಜಿನಿಂದ ಮೇಜಿಗೆ ತೆವಳಿ ಗರಗಸದ ಕೈಗೆ ಬರಲು ಅಷ್ಟು ಕಾಲ ಹಿಡಿದಿತ್ತು. ಆಮೇಲೆ ಸಾವಿರ ಮರ ತಟ್ಟಿದ್ದಾಗಿದೆ. ಆ ಮೂರನೆಯದರ ಸದ್ದು ಅವನಿಗೆ ನೆನಪಿತ್ತು. ಬತ್ತಿದ ಬಾವಿಗೆ ಕಲ್ಲು ಹಾಕಿದ ಹಾಗೆ. ಅದು ಯಾವ ಮರ ಎಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

*

ತಪ್ಪು ಹೇಗಾಯಿತು ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದೆ ಎಂದು ತನಗೆ ತಾನೇ ಹೇಳಿಕೊಂಡಿರಲಿಲ್ಲ, ಅಷ್ಟೇ.

ಅವನ ಜೊತೆ ಪುಸ್ತಕ ಹಿಡಿದು ಓಡಾಡುವ ಗುಮಾಸ್ತೆಯನ್ನು ಎಲ್ಲರೂ ಪಟ್ಟಿಯಮ್ಮ ಎನ್ನುತ್ತಿದ್ದರು. ಐವತ್ತು ದಾಟಿದ ಹೆಂಗಸು, ಮಂಡಿನೋವು, ಬಾಯಿ ಮಾತ್ರ ಹದಿನೆಂಟರದ್ದು. ಮರದ ಬುಡಕ್ಕೆ ಚರಂಡಿ ದಾಟಿ ಹೋಗಲಾರದೆ ಆಕೆ ಎದುರು ಬದಿಯ ಕಾಲುದಾರಿಯಲ್ಲೇ ನಿಲ್ಲುತ್ತಿದ್ದಳು. ಇವನು ತಟ್ಟಿ, ಕೇಳಿ, ರಸ್ತೆಯ ಆಚೆಗೆ ಒಂದೇ ಮಾತು ಕೂಗುತ್ತಿದ್ದ: ಕಡಿ, ಅಥವಾ ಬಿಡಿ. ಆಕೆ ಅದನ್ನು ಬರೆದು, ತಾನು ಬರೆದದ್ದನ್ನು ತಿರುಗಿ ಕೂಗುತ್ತಿದ್ದಳು. ಇವನು ಹೂಂ ಎನ್ನುತ್ತಿದ್ದ. ನಡುವೆ ಲಾರಿ, ಬಸ್ಸು, ಹಾರ್ನು. ಮೊದಲ ಒಂದು ಅಕ್ಷರ ಬಿಟ್ಟರೆ ಸಾವಿಗೂ ಬದುಕಿಗೂ ಒಂದೇ ಸದ್ದು.

ಮರಗಳ ದಪ್ಪ ದನಿ ಅವನಿಗೆ ಇಂದಿಗೂ ಕಿವಿಗಿಂತ ಮೊದಲು ಎದೆಗೆ ಕೇಳುತ್ತಿತ್ತು. ಮನುಷ್ಯರ ಮಾತಿನ ತುದಿಗಳು ಮಾತ್ರ ಉದುರಿ ಹೋಗಿದ್ದವು. ಮನೆಯಲ್ಲಿ ಹೆಂಡತಿ ಅದನ್ನು ತಮಾಷೆ ಮಾಡಿ ಮಾಡಿ ಸವೆಸಿದ್ದಳು.

"ದಾರ ತನ್ನಿ ಅಂದ್ರೆ ಖಾರದ ಪುಡಿ ತಂದಿದ್ದೀರಲ್ಲ! ಖಾರದಲ್ಲಿ ಗುಂಡಿ ಹೊಲಿಯೋದು ಹೇಗೆ ಅಂತ ನೀವೇ ತೋರಿಸಿಕೊಡಿ."

"ನೀನು ಬಾಯೊಳಗೇ ಮಾತಾಡ್ತೀಯ."

"ಹೌದು, ಊರೋರೆಲ್ಲ ಬಾಯೊಳಗೇ ಮಾತಾಡ್ತಾರೆ. ನೀವೊಬ್ಬರೇ ಹೊರಗೆ ಮಾತಾಡೋದು."

ಹತ್ತೊಂಬತ್ತನ್ನು ಕಡಿದ ಆ ಶನಿವಾರ ಸಂಜೆ ಅವನು ಅವಳ ತಮಾಷೆಗೆ ನಗಲಿಲ್ಲ. ಟಿವಿಯಲ್ಲಿ ಹವಾಮಾನದವನು ಭೂಪಟದ ಮೇಲೆ ಬಾಣದ ಗುರುತುಗಳನ್ನು ತೋರಿಸುತ್ತಿದ್ದ. ಮಂಗಳವಾರದಿಂದ ಬಿರುಗಾಳಿ. ಅದು ಮಾತ್ರ ಪರದೆಯ ಕೆಳಗೆ ಬರಹದಲ್ಲಿ ಬಂತು. ಅವನು ಓದಿಕೊಂಡ.

*

ಭಾನುವಾರ ಬೆಳಗ್ಗೆ ಯಾರಿಗೂ ಹೇಳದೆ ಕೊಡತಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟ. ಮರವನ್ನು ಹುಡುಕಿ, ಹೇಗಾದರೂ ಪಟ್ಟಿಯಲ್ಲಿ ಸೇರಿಸಿಬಿಟ್ಟರೆ ಆಯಿತು. ಕಿವಿಯ ಮಾತೇ ಬರುವುದಿಲ್ಲ. ಕಿವಿ ಹೋದ ಮರಕುಟಿಗನಿಗೆ ಯಾರು ಕೆಲಸ ಕೊಡುತ್ತಾರೆ? ಕುರುಡನ ಕೈಗೆ ಬಸ್ಸು ಕೊಟ್ಟ ಹಾಗೆ ಅಂತ ನಗುತ್ತಾರೆ.

ಒಂದನೆಯ ನಂಬರಿನಿಂದ ಶುರುಮಾಡಿದ. ಟಕ್. ಟಕ್. ಅಂಗೈ ಒತ್ತಿ, ತಟ್ಟಿ, ಕೆಳಗೆ ಮೂರು ಕಡೆ, ಎದೆಯೆತ್ತರಕ್ಕೆ ಮೂರು ಕಡೆ. ಹಾದುಹೋಗುವವರೊಬ್ಬರು, "ಬಾಗಿಲು ತೆಗೀತಾ ಸ್ವಾಮಿ?" ಎಂದು ಕೇಳಿ ನಕ್ಕರು. ಅವನಿಗೆ ನಗು ಕಾಣಿಸಿತು, ಮಾತು ಕೇಳಿಸಲಿಲ್ಲ. ಇಪ್ಪತ್ತು, ಇಪ್ಪತ್ತೆಂಟು, ಮೂವತ್ತೈದು. ಒಂದೊಂದು ಗಟ್ಟಿ ಮರ ಸಿಕ್ಕಿದಾಗಲೂ ಸಮಾಧಾನವಾಗುವ ಬದಲು ಭಯ ಒಂದು ಮೆಟ್ಟಿಲು ಮುಂದಕ್ಕೆ ಬರುತ್ತಿತ್ತು. ಏಕೆಂದರೆ ಮುಂದೆ ಆಸ್ಪತ್ರೆಯ ಗೇಟಿತ್ತು, ಗೇಟಿನೆದುರು ಬಸ್ ನಿಲ್ದಾಣವಿತ್ತು, ನಿಲ್ದಾಣದ ತಗಡಿನ ಮಾಡಿನ ಮೇಲೆ ಬೀದಿಯಲ್ಲೇ ದೊಡ್ಡ ಕೊಂಬೆ ಚಾಚಿಕೊಂಡಿತ್ತು.

ಮೂವತ್ತೆಂಟು.

ತಟ್ಟುವ ಮೊದಲೇ ಕೈ ತಡೆಯಿತು. ಬುಡದಲ್ಲಿ, ಚಪ್ಪಡಿ ಕಲ್ಲಿನ ಹತ್ತಿರ, ಕಂದು ಬಣ್ಣದ ಅಣಬೆ ಬಿಸ್ಕತ್ತಿನ ಹಾಗೆ ಅಂಟಿಕೊಂಡಿತ್ತು. ಹಿಂದಿನ ಬದಿಯಲ್ಲಿ ಹೊಸ ಪೈಪು ಹಾಕಲು ಯಾರೋ ಕಾಲುವೆ ತೋಡಿ ಮುಚ್ಚಿದ್ದರು. ತೋಡುವಾಗ ಬೇರು ಕಡಿದ ಗುರುತು ಮಣ್ಣಿನಲ್ಲಿ ಎದ್ದು ಕಾಣುತ್ತಿತ್ತು. ಮೇಲೆ ನೋಡಿದರೆ ಹಸಿರೋ ಹಸಿರು, ಇಡೀ ರಸ್ತೆಯಲ್ಲೇ ಚೆಲುವಾದ ಮರ. ಹೊರಗೆ ಥಳಕು, ಒಳಗೆ ಹುಳುಕು.

ತಟ್ಟಿದ.

ಧುಮ್.

ಬತ್ತಿದ ಬಾವಿ. ಸುತ್ತ ನಡೆದು ತಟ್ಟಿದ. ಎಲ್ಲ ಕಡೆಯೂ ಅದೇ. ತೊಗಟೆಯ ಒಳಗೆ ಒಂದು ಗೇಣು ಮರವಿದ್ದರೆ ಹೆಚ್ಚು. ಉಳಿದದ್ದು ಕತ್ತಲೆ. ಕಾಲಿನ ಕೆಳಗೆ ಚಪ್ಪಡಿ ಒಂದು ಬದಿಗೆ ಎದ್ದಿತ್ತು. ಆರು ತಿಂಗಳ ಹಿಂದೆ ಎದ್ದಿರಲಿಲ್ಲ, ಪ್ರಮಾಣ ಮಾಡಿ ಹೇಳಬಲ್ಲ.

ನಿಲ್ದಾಣದಲ್ಲಿ ಹತ್ತು ಹನ್ನೆರಡು ಜನ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕ, ಮಗು ಎತ್ತಿಕೊಂಡ ತಾಯಿ, ಆಸ್ಪತ್ರೆಯ ಆಯಾಗಳು, ಫ್ಲಾಸ್ಕಿನಲ್ಲಿ ಚಹಾ ಮಾರುವ ಹೆಂಗಸು.

"ಇಲ್ಲಿಂದ ಎದ್ದು ಆ ಕಡೆ ನಿಂತ್ಕೊಳ್ಳಿ. ಈ ಮರ ಬೀಳುತ್ತೆ," ಎಂದ.

ಎಲ್ಲರೂ ಮೇಲೆ ನೋಡಿದರು. ಎಲೆ ಅಲುಗಲಿಲ್ಲ.

"ಯಾವಾಗ ಬೀಳುತ್ತಪ್ಪ, ಟೈಮ್ ಏನಾದ್ರೂ ಕೊಟ್ಟಿದ್ಯಾ?" ಎಂದ ಮುದುಕ. "ನಾನು ಹುಟ್ಟೋಕ್ಕಿಂತ ಮುಂಚೆಯಿಂದ ನಿಂತಿದೆ. ನನಗಿಂತ ಅದೇ ಗಟ್ಟಿ." ಆಯಾಗಳು ನಕ್ಕರು. ಯಾರೂ ಏಳಲಿಲ್ಲ. ಬಿಸಿಲು ಚುರುಗುಟ್ಟುತ್ತಿತ್ತು, ನೆರಳಿದ್ದದ್ದು ಆ ಮರದ ಕೆಳಗೆ ಮಾತ್ರ.

ಅವನಿಗೆ ಏನು ತೋಚಿತೋ, "ಮೇಲೆ ಹೆಜ್ಜೇನು ಕಟ್ಟಿದೆ," ಎಂದುಬಿಟ್ಟ. "ಎದ್ದಿದೆ."

ಕ್ಷಣದಲ್ಲಿ ನಿಲ್ದಾಣ ಖಾಲಿ. ಪಟ್ಟಿ ಕಟ್ಟಿದ ಕಾಲಿನ ಮುದುಕನೇ ಎಲ್ಲರಿಗಿಂತ ಮುಂದೆ. ಚಹಾದವಳು ಸೆರಗನ್ನು ತಲೆಗೆ ಸುತ್ತಿಕೊಂಡು ರಸ್ತೆ ದಾಟಿ ನಿಂತು, "ಮೊದಲೇ ಹೇಳೋಕೇನು ರೋಗ ನಿನಗೆ?" ಎಂದು ಕೈ ಆಡಿಸಿ ಬೈದಳು.

ಅವನು ಅಲ್ಲೇ, ಮರದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ಕತ್ತಲಾಗುವ ತನಕ ಕೂತ. ಬಂದಬಂದವರಿಗೆಲ್ಲ ಜೇನಿನ ಸುಳ್ಳು ಹೇಳಿದ. ಒಂದು ಫೋನು ಮಾಡಿ ನಿಜ ಹೇಳಿದ್ದರೆ ಹಗ್ಗ ಕಟ್ಟುವವರು ಬರುತ್ತಿದ್ದರು. ಜೇಬಿನಲ್ಲಿ ಫೋನಿತ್ತು. ಅವನು ಅದನ್ನು ಮುಟ್ಟಿ ಮುಟ್ಟಿ ಬಿಟ್ಟ. ನಿಜ ಹೇಳಿದರೆ, ಪುಸ್ತಕ ಏಕೆ ತಪ್ಪಾಯಿತು ಎಂಬುದನ್ನೂ ಹೇಳಬೇಕಿತ್ತು.

*

ಸೋಮವಾರ ಕಚೇರಿ ತೆರೆಯುವ ಹೊತ್ತಿಗೇ ಹೋದ. ಪಟ್ಟಿಯಮ್ಮ ಆಗಲೇ ತನ್ನ ಮೇಜಿನಲ್ಲಿ ಒಂದು ಕಾಗದ ಹಿಡಿದು ಕೂತಿದ್ದಳು. ಮುಖ ಸುಟ್ಟ ಬದನೆಯಾಗಿತ್ತು.

"ಬನ್ನಿ ಅಣ್ಣ, ಬನ್ನಿ. ನೋಡಿ, ಶನಿವಾರ ಸಂಜೆಯೇ ನನಗೆ ಬಂದಿರೋ ಬಹುಮಾನ. ಗಟ್ಟಿ ಮರಕ್ಕೆ ಕಡಿ ಅಂತ ಬರೆದಿದ್ದೀಯಲ್ಲ, ಕಾರಣ ಕೊಡು ಅಂತ ನೋಟೀಸು. ಇಪ್ಪತ್ತೊಂದು ವರ್ಷ ಬರೆದೆ. ಒಂದು ಒತ್ತು ತಪ್ಪಿಲ್ಲ, ಒಂದು ದೀರ್ಘ ತಪ್ಪಿಲ್ಲ. ಈಗ ನನ್ನ ತಲೆ ಮೇಲೆ ಮರ."

ಅವನು ಆಕೆಯ ತುಟಿಗಳನ್ನೇ ನೋಡುತ್ತಿದ್ದ. ಮಾತು ತಿಳಿಯಿತು. ಬಂದ ಕೆಲಸ ಹೇಳಿದ.

"ಆಸ್ಪತ್ರೆ ರಸ್ತೆ, ಮೂವತ್ತೆಂಟು. ಅದರ ಮುಂದೆ ಬಿಡಿ ಅಂತಿದೆಯಲ್ಲಮ್ಮ. ಅದನ್ನ ಕಡಿ ಮಾಡು. ಒಂದೇ ಅಕ್ಷರ. ನಾಳೆ ಗಾಳಿ ಬರುತ್ತೆ."

"ಒಂದೇ ಅಕ್ಷರಾನಾ!" ಆಕೆ ಎದ್ದು ನಿಂತಳು. "ಈಗ ಒಂದು ಅಕ್ಷರ ತಿದ್ದಿದ್ರೆ, ಹತ್ತೊಂಬತ್ತನ್ನೂ ಇವಳೇ ತಿದ್ದಿದ್ದು ಅಂತಾರೆ. ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕ್ಕೊಳ್ಳಲಾ? ಅಣ್ಣ, ಆವತ್ತು ನಾನು ಬರೆದಿದ್ದನ್ನ ತಿರುಗಿ ಕೂಗಿದೆ. ನೀವು ಹೂಂ ಅಂದ್ರಿ. ಪ್ರತಿ ಮರಕ್ಕೂ ಕೂಗಿದೆ, ಪ್ರತಿ ಮರಕ್ಕೂ ಹೂಂ ಅಂದ್ರಿ."

"ನೀನು ತಪ್ಪಾಗಿ ಕೇಳಿಸ್ಕೊಂಡಿರಬೇಕು."

ಅಂದಮೇಲೆ ಅವನ ನಾಲಿಗೆ ಕಹಿಯಾಯಿತು. ಪಟ್ಟಿಯಮ್ಮ ಅವನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಕಪಾಟಿನ ಕಡೆ ಹೋಗಿ, ಪುಸ್ತಕ ಹುಡುಕುತ್ತ ಏನೋ ಕೇಳಿದಳು.

"ಹೂಂ," ಎಂದ ಅವನು.

ಆಕೆ ತಿರುಗಿದಳು. ಕೈ ಖಾಲಿಯಾಗಿತ್ತು.

"ನಾನು ಏನು ಕೇಳಿದೆ ಗೊತ್ತಾ? ಈ ಕಚೇರಿಗೆ ಸೀಮೆಎಣ್ಣೆ ಸುರಿದು ಬೆಂಕಿ ಹಚ್ಚಲಾ ಅಂತ ಕೇಳಿದೆ."

ಫ್ಯಾನು ತಿರುಗುತ್ತಿತ್ತು. ಅದರ ಸದ್ದೂ ಅವನಿಗೆ ಕೇಳುತ್ತಿರಲಿಲ್ಲ. ಎಂದಿನಿಂದ ಕೇಳುತ್ತಿರಲಿಲ್ಲ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಮೊದಲ ಬಾರಿಗೆ ಎದ್ದಿತು. ಆಕೆಯ ಸಿಟ್ಟು ಇಳಿದಿತ್ತು. ಅದರ ಜಾಗದಲ್ಲಿ ಬಂದದ್ದು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ನನ್ನ ಗಂಡನೂ ಹೀಗೇ ಹೂಂ ಅಂತಾನೆ," ಎಂದಳು, ತುಟಿ ಬಿಡಿಸಿ, ನಿಧಾನವಾಗಿ. "ಆದ್ರೆ ಅವನ ಹೂಂಗೆ ಯಾರೂ ಸಾಯಲ್ಲ ಅಣ್ಣ."

ಅವನು ಸಾಹೇಬರ ಕೋಣೆಯ ಕಡೆಗೆ ನಡೆದ. ಅಲ್ಲಿಗೆ ಹನ್ನೊಂದು ಹೆಜ್ಜೆ. ಅಷ್ಟರಲ್ಲಿ ಇನ್ನೂ ಒಂದು ದಾರಿಯಿತ್ತು: ಬರೆದದ್ದು ಅವಳು, ನೋಟೀಸು ಬಂದದ್ದೂ ಅವಳಿಗೇ, ಎರಡು ಮರದ ತಪ್ಪನ್ನೂ ಅವಳ ಮಡಿಲಿಗೆ ಹಾಕಿದರೆ ಮರವೂ ಉರುಳುತ್ತದೆ, ಕೆಲಸವೂ ಉಳಿಯುತ್ತದೆ. ಕೇಳಲು ಬಲು ಗಟ್ಟಿಯಾದ ಮಾತು. ತಟ್ಟಿದರೆ ಟೊಳ್ಳೆಂದು ತಿಳಿಯುತ್ತಿತ್ತು.

ಬಾಗಿಲು ತಳ್ಳಿ, "ಸಾರ್, ನನಗೆ ಕಿವಿ ಕೇಳಲ್ಲ," ಎಂದ. "ಪಟ್ಟಿಯಮ್ಮಂದು ತಪ್ಪಿಲ್ಲ. ಆಸ್ಪತ್ರೆ ಗೇಟಿನ ಮರ ಟೊಳ್ಳು. ಕೆಳಗೆ ಜನ ಇದ್ದಾರೆ."

ಸಾಹೇಬರು ಪೆನ್ನು ಕೆಳಗಿಟ್ಟರು. "ಕಿವಿ ಕೇಳಲ್ಲ ಅಂದಮೇಲೆ ಟೊಳ್ಳು ಅಂತ ಹೇಗೆ ಗೊತ್ತಾಯ್ತು?"

ಎರಡು ಸಲ ಹೇಳಿಸಿಕೊಂಡು ಅವನು ಉತ್ತರ ಕೊಟ್ಟ. "ಮರದ್ದು ಕೇಳುತ್ತೆ ಸಾರ್. ಮನುಷ್ಯರದ್ದೇ ಕೇಳಲ್ಲ."

*

ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳನ್ನು ಬೇರೆ ರಸ್ತೆಗೆ ತಿರುಗಿಸಿ, ಎರಡೂ ಕಡೆ ಹಗ್ಗ ಕಟ್ಟಿದರು. ಚಹಾದವಳು ಹಗ್ಗದ ಆಚೆಯಿಂದ, "ಜೇನಿಗೆ ಇಷ್ಟೊಂದು ಜನಾನಾ?" ಎಂದು ಕೇಳುತ್ತಿದ್ದಳು. ಗಾಳಿ ಒಂದು ದಿನ ಮುಂಚೆಯೇ ದಾರಿ ನೋಡಿಕೊಂಡು ಬಂದ ಹಾಗೆ ಧೂಳು ಸುತ್ತಿ ಸುತ್ತಿ ಏಳುತ್ತಿತ್ತು.

ಮೇಸ್ತ್ರಿ ಮೇಲಿನ ಕೊಂಬೆಗೆ ಹಗ್ಗ ಬಿಗಿಸಿ, ತೆರೆದ ಕಡೆಗೆ ಎಳೆದು ಬೀಳಿಸುವ ಲೆಕ್ಕ ಹಾಕಿದ್ದ. ಗರಗಸ ಒಂದು ಗೇಣು ಒಳಗೆ ಹೋಗಿತ್ತೋ ಇಲ್ಲವೋ, ಅವನು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡ. ಹಲ್ಲಿಗೆ ಏನೂ ಸಿಗುತ್ತಿರಲಿಲ್ಲ. "ಓಡ್ರೋ!" ಎಂದು ಕೂಗಿದ. ಮರಕುಟಿಗನಿಗೆ ಕೂಗು ಕೇಳಲಿಲ್ಲ, ಅದಕ್ಕಿಂತ ಮೊದಲು ಅಂಗಾಲಿನಲ್ಲಿ ಭೂಮಿ ಕೇಳಿತು. ಮರ ಹಗ್ಗದ ಮಾತು ಕೇಳದೆ ತನಗೆ ಬೇಕಾದ ಕಡೆಗೇ ಹೋಯಿತು. ನಿಲ್ದಾಣದ ತಗಡು, ಕಂಬ, ಸಿಮೆಂಟಿನ ಬೆಂಚು ಎಲ್ಲ ಒಂದು ಮೊಳ ಎತ್ತರದ ರಾಶಿಯಾದವು. ಧೂಳು ಇಳಿದಾಗ ಸೀಳಿದ ಬುಡದ ಒಳಗೆ ಒಬ್ಬ ಆಳು ನಿಲ್ಲುವಷ್ಟು ಜಾಗ ಕಾಣಿಸಿತು. ಒಳಗೋಡೆ ಕಪ್ಪಗೆ, ಒದ್ದೆಯಾಗಿ, ಮುಟ್ಟಿದರೆ ಪುಡಿಯಾಗುವ ಹಾಗಿತ್ತು.

ಜನ ಎಲ್ಲ ಒಟ್ಟಿಗೇ ಮಾತಾಡತೊಡಗಿದರು. ಯಾರೋ ಬಂದು ಮರಕುಟಿಗನ ಕೈ ಹಿಡಿದುಕೊಂಡರು. ಪಟ್ಟಿಯಮ್ಮ ಕಣ್ಣೊರೆಸಿಕೊಂಡಳು. ಮೇಸ್ತ್ರಿಯ ಮುಖದಲ್ಲಿ ಮಾತ್ರ ಗೆಲುವಿರಲಿಲ್ಲ. ಅವನು ಸಾಹೇಬರ ಹತ್ತಿರ ಹೋಗಿ ಮೆಲ್ಲಗೆ ಏನೋ ಕೇಳಿದ. ಸಾಹೇಬರು ತಿರುಗಿ ಮರಕುಟಿಗನನ್ನು ನೋಡಿದರು. ನೋಟ ಬದಲಾಗಿತ್ತು.

ಹತ್ತಿರ ಬಂದು, ಎದುರಿಗೆ ನಿಂತು, ಒಂದೊಂದೇ ಪದ ಬಿಡಿಸಿ ಕೇಳಿದರು. "ಯಾವತ್ತಿಂದ ಕೇಳ್ತಿಲ್ಲ ನಿಮಗೆ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ ಆಗಲ್ಲ. ಅವತ್ತಿಂದ ಬರೆದ ಪುಸ್ತಕ ಎಲ್ಲ ಸುಳ್ಳು ಅಂತ ಇಟ್ಕೊಂಡು ಮತ್ತೆ ತಟ್ಟಿಸಬೇಕು. ಆರು ತಿಂಗಳಾ? ಒಂದು ವರ್ಷನಾ? ಇವತ್ತು ಸಂಜೆಯೊಳಗೆ ಹೇಳಿ. ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ತಿಳೀಬೇಕು."

*

ಅವನಿಗೆ ಹೇಗೆ ತಿಳಿಯಬೇಕು? ಕೇಳದೆ ಹೋದ ಸದ್ದು, ತಾನು ಕೇಳಿಸುತ್ತಿಲ್ಲ ಎಂದು ಹೇಳಿ ಹೋಗುವುದಿಲ್ಲ. ಮನೆಗೆ ಬಂದು ಕೈಕಾಲು ಕೂಡ ತೊಳೆಯದೆ ಹೆಂಡತಿಯ ಎದುರು ಕೂತ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಗಾಳಿಗೆ ಕಿಟಕಿಯ ಕದ ಬಡಿಯುತ್ತಿತ್ತು.

"ನನಗೆ ಕಿವಿ ಮಂದ ಆಗಿದ್ದು ಯಾವತ್ತು?"

ತಮಾಷೆ ಮಾಡಲು ಬಾಯಿ ತೆರೆದವಳು ಅವನ ಮುಖ ನೋಡಿ ಮುಚ್ಚಿದಳು. ಮಡಿಸಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು.

"ಮಗಳು ಬಾಣಂತನಕ್ಕೆ ಬಂದಾಗ. ಕೂಸು ರಾತ್ರಿ ಕಿಟಾರನೆ ಅಳ್ತಿತ್ತು. ಬೀದಿಯವರೆಲ್ಲ ಎದ್ದು ಕೂರೋರು. ನೀವು ಪಕ್ಕದಲ್ಲೇ ಮಲಗಿರ್ತಿದ್ರಿ, ಮಗ್ಗುಲು ಕೂಡ ಬದಲಾಯಿಸ್ತಿರಲಿಲ್ಲ. ಮಗಳು ಹೆದರಿ ಮೂಗಿನ ಹತ್ತಿರ ಕೈ ಇಟ್ಟು ನೋಡಿದ್ಲು. ನಾನು ಆಗಲೇ ಹೇಳಿದೆ ರೀ, ಒಂದ್ಸಲ ಡಾಕ್ಟರ ಹತ್ರ ಹೋಗಿ ಬನ್ನಿ ಅಂತ."

"ನಾನೇನಂದೆ?"

"ಹೂಂ ಅಂದ್ರಿ."

ಆ ಕೂಸು ಈಗ ಬೆನ್ನಿಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತದೆ. ಮೊನ್ನೆಯಷ್ಟೇ ಅದಕ್ಕೆ ನಾಲ್ಕು ತುಂಬಿತು. ಅವನು ಬೆರಳು ಮಡಿಸಿದ. ನಾಲ್ಕು ವರ್ಷದಲ್ಲಿ ಉದ್ಯಾನದ ಸುತ್ತಿನ ಮರಗಳು, ಮಾರುಕಟ್ಟೆಯ ಹಿಂದಿನವು, ಕೆರೆಯ ಏರಿಯವು, ಮೂರು ಶಾಲೆಗಳ ಅಂಗಳದವು. ಐದು ಸಾವಿರಕ್ಕೆ ಕಡಿಮೆಯಿಲ್ಲ. ಅಷ್ಟಕ್ಕೂ ಅವನು ಹೂಂ ಅಂದಿದ್ದ. ಅದರಲ್ಲಿ ತಪ್ಪಿದ್ದು ಎಷ್ಟು, ಒಂದೋ ನೂರೋ, ಹೇಳಬಲ್ಲವರು ಯಾರೂ ಇರಲಿಲ್ಲ.

ಹೆಂಡತಿ ಸಾಹೇಬರಿಗೆ ಫೋನು ಹಚ್ಚಿ, ಸ್ಪೀಕರ್ ಒತ್ತಿ, ಅವನ ಬಾಯಿಯ ಹತ್ತಿರ ಹಿಡಿದಳು. ಅಷ್ಟರಲ್ಲಿ ಕರೆಂಟು ಹೋಗಿ ಕೋಣೆಗೆ ಮುಸ್ಸಂಜೆಯ ಬೂದು ಬೆಳಕು ತುಂಬಿಕೊಂಡಿತು.

"ನಾಲ್ಕು ವರ್ಷ ಸಾರ್," ಎಂದ.

ಹೊರಗೆ ಗಾಳಿ ಒಮ್ಮೆಗೇ ಎದ್ದಿತು. ಅದರ ದಪ್ಪ ಗುಡುಗು ಅವನಿಗೆ ಚೆನ್ನಾಗಿ ಕೇಳಿತು, ಬೀದಿಯ ಮರಗಳು ಅಷ್ಟೂ ಒಟ್ಟಿಗೆ ಒಂದು ಬದಿಗೆ ಬಾಗುವ ಸದ್ದೂ ಕೇಳಿತು. ಫೋನಿನ ಆ ಕಡೆ ಸಾಹೇಬರು ಸುಮ್ಮನಾಗಿದ್ದರೋ, ಮಾತಾಡುತ್ತಲೇ ಇದ್ದರೋ, ಅವನಿಗೆ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡೋಣವೆಂದರೆ ಬೆಳಕು ಸಾಲದು.